ಸಿರುಗುಪ್ಪ ರಸ್ತೆಯಲ್ಲಿ ಮಾತ್ರ ಸೋರುತ್ತಿದ್ದ ಎಸಿ

೨೦೧೮ರ ಸೆಪ್ಟೆಂಬರ್ ೨೫, ಮಂಗಳವಾರ. ವಿಳಂಬಿ ಸಂವತ್ಸರದ ಭಾದ್ರಪದ ಪೂರ್ಣಿಮೆ. ಆಧಾರ: ನಮ್ಮ ಕಚೇರಿಯ ಜೀಪಿನ ಸಂಚಾರ ಪುಸ್ತಕ ಮತ್ತು ಆ ವರ್ಷದ ಪಂಚಾಂಗ. ಪೂರ್ಣಿಮೆ ಬೆಳಿಗ್ಗೆಯೇ ಮುಗಿದು ಪಾಡ್ಯ ಹಿಡಿದಿತ್ತೆಂಬುದನ್ನು ಬಲ್ಲೆ; ಸೂರ್ಯೋದಯದ ತಿಥಿಯೇ ಆ ದಿನದ ತಿಥಿಯೆಂಬ ರೂಢಿಯಂತೆ ಪೂರ್ಣಿಮೆ ಎಂದೇ ಬರೆದಿದ್ದೇನೆ. ಸಿರುಗುಪ್ಪದ ಅಂಚಿನಲ್ಲಿರುವ ಹನುಮಕ್ಕನವರ ಮನೆಯ ಅಂಗಳದಲ್ಲಿ ಅಂದು ಒಂದು ಶಾಸನವನ್ನು ಓದಲಾಯಿತು. ಆ ಓದಿನಿಂದಾಗಿ ಒಂದು ಕಲ್ಲು ಬಚ್ಚಲಿನ ಹಾಸುಗಲ್ಲಾಗುವುದು ತಪ್ಪಿತು. ಓದು ಒಂದು ತಿಂಗಳು ತಡವಾಗಲು ಕಾರಣ ಲಿಪಿಯ ಕಷ್ಟವಲ್ಲ. ಜೀಪಿನ ಎಸಿಯಿಂದ ನನ್ನ ಎಡಗಾಲಿನ ಮೇಲೆ ಸುರಿಯುತ್ತಿದ್ದ ನೀರು.

ಶಾಸನ ಸಂಶೋಧನೆಗೆ ಹೊಸದಾಗಿ ಬರುವವರಿಗೆ ಲಿಪಿ, ಕಾಲಗಣನೆ, ವಂಶಾವಳಿಗಳನ್ನು ಕಲಿಸಲು ಅನೇಕರಿದ್ದಾರೆ. ಕ್ಷೇತ್ರಕಾರ್ಯದ ನಡುವೆ ಕಾಲುಚೀಲ ನೆನೆದರೆ ಯಾವ ವಿಧಾನವನ್ನು ಅನುಸರಿಸಬೇಕೆಂಬುದನ್ನು ಯಾರೂ ಕಲಿಸುವುದಿಲ್ಲ. ನನಗೆ ಯಾವ ಬಡ್ತಿ ಯಾವಾಗ ಸಿಕ್ಕಿತೆಂಬುದು ಸೇವಾ ಪುಸ್ತಕದಲ್ಲಿದೆ. ಅದು ಅಲ್ಲಿಯೇ ಇರಲಿ. ಸೇವಾ ಪುಸ್ತಕದಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಬಳ್ಳಾರಿಯ ನಮ್ಮ ಕಚೇರಿ ಚಿಕ್ಕದು. ಮುಖ್ಯಸ್ಥರು ಶಿವಶರಣಪ್ಪನವರು, ಅವರ ಕೆಳಗೆ ನಾನು, ಜೀಪಿಗೆ ಚಾಲಕ ಎರಿಸ್ವಾಮಿ. ಶಿವಶರಣಪ್ಪನವರು ಒಳ್ಳೆಯ ವಿದ್ವಾಂಸರು. ಒಮ್ಮೆ ಬರೆದ ವಾಕ್ಯವನ್ನು ಎಂದಿಗೂ ಹಿಂತೆಗೆದುಕೊಳ್ಳದಿರುವುದು ಅವರ ವಿದ್ವತ್ತಿನ ಒಂದು ಲಕ್ಷಣವಾಗಿತ್ತು. ಬಳ್ಳಾರಿಯ ಬಿಸಿಲಿಗೆ ಶಾಸನದ ಪಡಿಯಚ್ಚುಗಳು ಸಿಡಿದು ಹೋಗುತ್ತವೆಂದು ಮೇಲಿನ ಕಚೇರಿಗೆ ಪುಟಗಟ್ಟಲೆ ಬರೆದು ಅವರು ಎಸಿ ಇರುವ ಜೀಪನ್ನು ಮಂಜೂರು ಮಾಡಿಸಿದ್ದರು. ಎಸಿ ಇಲ್ಲದೆ ಪಡಿಯಚ್ಚು ಪ್ರಯಾಣ ಮಾಡಲಾರದು ಎಂಬುದು ಆ ಪತ್ರದ ಮುಖ್ಯ ವಾಕ್ಯ. ಆದ್ದರಿಂದ ನಮ್ಮ ಜೀಪಿನಲ್ಲಿ ಎಸಿಯನ್ನು ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ವಾಕ್ಯ ಸುಳ್ಳಾಗುತ್ತಿತ್ತು. ಎಸಿ ಬಂದ್ ಮಾಡಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತಲ್ಲವೇ ಎಂದು ಕೇಳುವ ಕಿರಿಯರು ಇದನ್ನು ನೆನಪಿನಲ್ಲಿಡಬೇಕು.

ಪಡಿಯಚ್ಚು ಎಂದರೇನೆಂದು ತಿಳಿಯದವರಿಗೆ ಎರಡು ಮಾತು. ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆ ಕಾಗದವನ್ನು ಹರಡಿ, ಕಾಗದ ಅಕ್ಷರದ ತಗ್ಗಿನೊಳಗೆ ಇಳಿಯುವವರೆಗೆ ಬ್ರಷ್ಷಿನಿಂದ ತಟ್ಟಬೇಕು. ಅರ್ಧ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರೆ ಉಬ್ಬಿದ ಭಾಗ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಎದ್ದು ಬರುತ್ತವೆ. ಸವೆದ ಕಲ್ಲಿನ ಮೇಲೆ ಕಣ್ಣಿಗೆ ಕಾಣದ್ದು ಕಾಗದದ ಮೇಲೆ ಕಾಣುತ್ತದೆ. ಆದರೆ ಆ ಕಾಗದ ಮತ್ತೊಮ್ಮೆ ಒದ್ದೆಯಾಯಿತೋ, ಅಕ್ಷರಗಳ ಉಬ್ಬುತಗ್ಗು ಅಳಿದು ಮಸಿ ಹರಡುತ್ತದೆ.

ಹನುಮಕ್ಕನವರ ಮನೆಗೆ ನಾವು ಮೊದಲು ಹೋದದ್ದು ಆಗಸ್ಟ್ ೨೮ರಂದು. (ನನ್ನ ದಿನಚರಿಯಲ್ಲಿ ೨೯ ಎಂದಿದೆ. ಸಂಚಾರ ಪುಸ್ತಕದಲ್ಲಿ ೨೮. ದಿನಚರಿಯನ್ನು ಮರುದಿನ ಬರೆದಿರುವ ಸಂಭವವಿರುವುದರಿಂದ ೨೮ನ್ನೇ ಒಪ್ಪಿದ್ದೇನೆ.) ಹಳೆಯ ದನದ ಕೊಟ್ಟಿಗೆಯನ್ನು ಕೆಡವಿದಾಗ ಹೊರಬಿದ್ದ ಉದ್ದನೆಯ ಕಲ್ಲೊಂದು ಅಂಗಳದಲ್ಲಿ ಮಲಗಿತ್ತು. ಹನುಮಕ್ಕ ಅದನ್ನು ಕಾಲಿನಿಂದ ತೋರಿಸಿ, ಆಮೇಲೆ ನಾಲಗೆ ಕಚ್ಚಿಕೊಂಡು ಕೈಯಿಂದ ತೋರಿಸಿದರು.

"ನೋಡ್ರಿ ಅಣ್ಣಾರ, ಮಗಳು ಬಾಣಂತನಕ್ಕ ಬರ್ತಾಳ. ಇರೋ ಬಚ್ಚಲದಾಗ ಒಬ್ರು ನಿಂತ್ರ ಇನ್ನೊಬ್ರು ತಂಬಿಗಿ ಹಿಡಿಯಾಕ ಜಾಗ ಇಲ್ಲ. ಹೊಸಾ ಬಚ್ಚಲ ಕಟ್ಟಸಾಕತ್ತೀನಿ. ಈ ಕಲ್ಲು ಹಾಸಾಕ ಬೇಸೈತಿ ಅಂತಾನ ಗೌಂಡಿ. ಆದ್ರ ಇದರ ಮ್ಯಾಲ ದೇವರ ಹೆಸರು ಇದ್ದರ?"

"ಇದ್ದರೆ?"

"ಇದ್ದರ ಅದರ ಮ್ಯಾಲ ನಿಂತು ನೀರ ಹೊಯ್ಕೊಳ್ಳಾಕ ಆಗತೈತೇನ್ರಿ? ಏನ್ ಬರದೈತಿ ಅಂತ ಓದಿ ಹೇಳ್ರಿ. ದೇವರದಲ್ಲ ಅಂದ್ರ ಹಾಕಿಸ್ತೀನಿ. ಚವತಿ ಒಳಗ ಹೇಳ್ರಿ ಮತ್ತ. ಗೌಂಡಿ ನಿಲ್ಲಂಗಿಲ್ಲ, ಹೊಟ್ಟ್ಯಾಗಿಂದೂ ನಿಲ್ಲಂಗಿಲ್ಲ."

ಗಣೇಶ ಚವತಿ ಸೆಪ್ಟೆಂಬರ್ ೧೩ಕ್ಕಿತ್ತು. ಧಾರಾಳವಾಗಿ ಸಮಯವಿದೆಯೆಂದು ನಾನು ಮಾತು ಕೊಟ್ಟೆ. ಅಲ್ಲಿಯೇ ಓದಿ ಹೇಳಬಹುದಾಗಿತ್ತಲ್ಲ ಎಂದರೆ, ಕಲ್ಲಿನ ಮೇಲೆ ಬರಿಗಣ್ಣಿಗೆ ಕಾಣುತ್ತಿದ್ದುದು ದನಗಳ ಗೊರಸಿನ ಸವೆತ ಮಾತ್ರ. ಅಲ್ಲದೆ ಇಬ್ಬರು ಓದಿ ಒಪ್ಪದ ಹೊರತು ಯಾವ ಪಾಠವನ್ನೂ ಹೊರಗೆ ಹೇಳಬಾರದೆಂಬುದು ಶಿವಶರಣಪ್ಪನವರ ನಿಯಮ. ಪಡಿಯಚ್ಚು ತೆಗೆದೆವು. ಸೊಗಸಾಗಿ ಬಂದಿತ್ತು. ಒಣಗಿಸಿ, ಸುರುಳಿ ಸುತ್ತಿ, ಜೀಪಿನಲ್ಲಿ ಅತ್ಯಂತ ತಂಪಾದ ಸ್ಥಳವೆಂದು ಕಚೇರಿ ನಿರ್ಧರಿಸಿದ್ದ ಮುಂದಿನ ಎಡ ಸೀಟಿನ ಕೆಳಗೆ, ನನ್ನ ಪಾದಗಳ ಬಳಿ ಇಟ್ಟುಕೊಂಡೆ.

ಬತ್ತದ ಗದ್ದೆಗಳ ನಡುವಿನ ರಸ್ತೆ. ನಾಟಿ ಮುಗಿದು ಎರಡೂ ಕಡೆ ನೀರು ನಿಂತಿತ್ತು. ಒಂದು ಬಲ ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಚೊಳಕ್ಕನೆ ಒಂದು ಬೊಗಸೆ ನೀರು ನನ್ನ ಪಾದದ ಮೇಲೆ ಬಿತ್ತು. ನಾನು ಬೆಚ್ಚಿ ಕಾಲನ್ನು ಮೇಲೆತ್ತಿ, ಮತ್ತೆ ಕೆಳಗಿಟ್ಟೆ. ಇಟ್ಟದ್ದು ಸುರುಳಿಯ ಮೇಲೆ ಎಂಬುದು ಬಳ್ಳಾರಿ ತಲುಪಿದ ಮೇಲೆ ತಿಳಿಯಿತು.

ಒಣಗಿಸಿ ಮೇಜಿನ ಮೇಲೆ ಹರಡಿದಾಗ ಮೇಲಿನ ಎರಡು ಸಾಲುಗಳಲ್ಲಿ ಕೆರೆಯೊಂದರ ಉಲ್ಲೇಖವಿದೆಯೆಂದು ಮಾತ್ರ ಊಹಿಸಬಹುದಾಗಿತ್ತು. ಉಳಿದದ್ದೆಲ್ಲ ಮೋಡ. ಆದರೆ ತೀರ ಕೆಳಗೆ, ಅತ್ಯಂತ ಸ್ಪಷ್ಟವಾಗಿ, ಒಂದರ ಪಕ್ಕ ಒಂದು ಓರೆ ಗೀಟುಗಳೂ ನಡುನಡುವೆ ಸಣ್ಣ ವೃತ್ತಗಳೂ ಮೂಡಿದ್ದವು. ಶಿವಶರಣಪ್ಪನವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಅಲಂಕಾರ ಅಲ್ಲ. ಇಷ್ಟು ಕ್ರಮಬದ್ಧ ಐತಿ ಅಂದಮೇಲೆ ಇದು ಅಳತಿಯ ಗುರುತು. ದಾನ ಕೊಟ್ಟ ಭೂಮಿಯ ಅಳತಿ. ಇಂಥದ್ದು ಈ ಸೀಮಿಯೊಳಗ ನಾನು ಎಲ್ಲೂ ನೋಡಿಲ್ಲ."

ನಾನೂ ಎಲ್ಲಿಯೂ ನೋಡಿರಲಿಲ್ಲ, ಜೀಪಿನಲ್ಲಿ ಹೊರತು. ಎರಿಸ್ವಾಮಿಗೆ ಹೇಳಿ ಎಡಗಡೆಯ ರಬ್ಬರ್ ಮ್ಯಾಟನ್ನು ತರಿಸಿದೆ. ಕಾಗದದ ಪಕ್ಕದಲ್ಲಿಟ್ಟು ನೋಡಿದರೆ ಗೀಟಿಗೆ ಗೀಟು, ವೃತ್ತಕ್ಕೆ ವೃತ್ತ ಕೂಡಿತು. ಒದ್ದೆ ಕಾಗದವನ್ನು ನನ್ನ ಕಾಲು ಒತ್ತಿ ಹಿಡಿದಿತ್ತು. ಪಡಿಯಚ್ಚಿನ ತತ್ತ್ವವೇ ಅದಲ್ಲವೇ? ಪಾದರಕ್ಷೆಯಿಂದ ತೆಗೆದ ಪಡಿಯಚ್ಚುಗಳಲ್ಲಿ ಅಷ್ಟು ಚೊಕ್ಕವಾದದ್ದು ಇನ್ನೊಂದಿರಲಾರದು.

ಶಿವಶರಣಪ್ಪನವರು ಮ್ಯಾಟನ್ನೂ ಅಷ್ಟೇ ಶ್ರದ್ಧೆಯಿಂದ ಪರಿಶೀಲಿಸಿದರು. "ಶಾಸನದ ಗುರುತು ಮ್ಯಾಟಿಗೆ ಇಳಿದಿರುವ ಸಾಧ್ಯತೆಯನ್ನ ಒಮ್ಮಿಗೇ ತಳ್ಳಿಹಾಕಬಾರದು" ಎಂದರು.

"ಸಾಹೇಬ್ರ, ನನ್ನ ಕಡಿ ಮ್ಯಾಟೂ ಇದ ಥರ ಐತ್ರಿ" ಎಂದ ಎರಿಸ್ವಾಮಿ. "ಹಿಂದಿನ ಎರಡೂ ಇದ ಥರ. ಅವಕ್ಕೂ ಶಾಸನ ಇಳಿದೈತೇನ್ರಿ?"

"ಎಲ್ಲಾ ನಾಲ್ಕೂ ತಗೊಂಡು ಬಾ" ಎಂದರು ಸಾಹೇಬರು. ನಾಲ್ಕೂ ಮ್ಯಾಟುಗಳು ಒಂದು ವಾರ ನಮ್ಮ ಗ್ರಂಥಾಲಯದಲ್ಲಿದ್ದವು.

ಹನುಮಕ್ಕನವರ ಕಲ್ಲಿನಿಂದ ಎರಡನೆಯ ಪಡಿಯಚ್ಚನ್ನು ತೆಗೆಯಲೇಬೇಕಿತ್ತು. ಆದರೆ ಸೋರುವ ಜೀಪಿನಲ್ಲಿ ಅದನ್ನು ತರುವಂತಿಲ್ಲ, ಎಸಿ ಇಲ್ಲದೆಯೂ ತರುವಂತಿಲ್ಲ. ಹೀಗಾಗಿ ಮೊದಲು ಎಸಿಯ ಚಿಕಿತ್ಸೆ ಆರಂಭವಾಯಿತು. ರೈಲು ನಿಲ್ದಾಣದ ಆಚೆ ರಫೀಕ್ ಎಂಬವನ ಎಸಿ ರಿಪೇರಿ ಶೆಡ್ಡಿತ್ತು. ರಫೀಕ್ ಎಸಿ ಹಾಕಿ, ಕುಕ್ಕರುಗಾಲಿನಲ್ಲಿ ಕುಳಿತು, ಜೀಪಿನ ಅಡಿಯನ್ನು ಇಣುಕಿ ನೋಡಿ, ಸಂತೋಷದಿಂದ ಎದ್ದ.

"ಏನ್ ಸೋರಿಕಿ ಸಾಬ್? ಕೆಳಗ ನೋಡ್ರಿ, ಒಂದು ಹನಿ ಬಿದ್ದಿಲ್ಲ. ಇಂಥಾ ಗಾಡಿ ಬಳ್ಳಾರ್ಯಾಗ ಇಲ್ಲ."

"ನೀರು ಒಳಗ ಬೀಳತೈತಿ" ಎಂದೆ.

"ಈಗ ಬೀಳಾಕತ್ತೈತೇನು?"

"ಈಗಿಲ್ಲ."

"ಮತ್ತ? ಕೆಮ್ಮು ಬಂದಾಗ ಡಾಕ್ಟರ್ ಹತ್ರ ಬರ್ಬೇಕು ಸಾಬ್. ಕೆಮ್ಮು ನೆನಪಾದಾಗ ಬಂದ್ರ ಅವನೇನ್ ಮಾಡ್ತಾನ?"

ಗ್ಯಾಸ್ ತುಂಬಿ ಕಳಿಸಿದ. ಮುಂದಿನ ಬಾರಿ ಗಾಜಿನ ಸುತ್ತಲಿನ ರಬ್ಬರ್ ಬದಲಿಸಿದ. ಅದರ ಮುಂದಿನ ಬಾರಿ ಬಾಗಿಲಿನ ರಬ್ಬರ್. ಪ್ರತಿ ಸಲವೂ ಜೀಪಿನ ಅಡಿಯಲ್ಲಿ ಒಂದು ಹನಿಯೂ ಇಲ್ಲವೆಂಬುದನ್ನು ನಮಗೆ ಹೆಮ್ಮೆಯಿಂದ ತೋರಿಸುತ್ತಿದ್ದ. ನಾವೂ ಬಗ್ಗಿ ನೋಡಿ ತಲೆದೂಗುತ್ತಿದ್ದೆವು. ಎಸಿ ಓಡುವಾಗ ಜೀಪಿನ ಅಡಿಯಲ್ಲಿ ನೀರು ತೊಟ್ಟಿಕ್ಕಲೇಬೇಕು, ತೊಟ್ಟಿಕ್ಕದಿದ್ದರೆ ಅದೇ ರೋಗ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಇಲ್ಲದಿರುವುದನ್ನು ಸಾಕ್ಷ್ಯವಾಗಿ ಓದುವಾಗ ಎಚ್ಚರವಿರಬೇಕೆಂದು ನಾನು ಕಿರಿಯರಿಗೆ ಎಷ್ಟೋ ಸಲ ಹೇಳಿದ್ದೇನೆ. ರಾಜವಂಶಗಳ ವಿಷಯದಲ್ಲಿ ಮಾತ್ರ.

ಶಿವಶರಣಪ್ಪನವರು ಇದನ್ನು ಮೆಕ್ಯಾನಿಕರಿಗೆ ಬಿಡುವ ವಿಷಯವಲ್ಲವೆಂದು ತೀರ್ಮಾನಿಸಿ ಸೋರಿಕೆಯ ಕೋಷ್ಟಕವೊಂದನ್ನು ತಯಾರಿಸಲು ನನಗೆ ಆದೇಶಿಸಿದರು. ಪ್ರತಿ ರಿಪೇರಿಯ ನಂತರದ ಪರೀಕ್ಷಾ ಓಟಗಳನ್ನೂ ಸೇರಿಸಿ ಸಂಚಾರ ಪುಸ್ತಕವನ್ನು ನನ್ನ ದಿನಚರಿಯೊಂದಿಗೆ ತಾಳೆ ನೋಡಿದೆ. ಫಲಿತಾಂಶ ನಿಸ್ಸಂದಿಗ್ಧವಾಗಿತ್ತು: ಸಿರುಗುಪ್ಪದ ಕಡೆ ಹೋದಾಗಲೆಲ್ಲ ಜೀಪು ಸೋರಿತ್ತು; ಕುರುಗೋಡಿನ ಕಡೆ ಹೋದಾಗ ಒಮ್ಮೆಯೂ ಸೋರಿರಲಿಲ್ಲ.

"ಗಾಡಿಗೂ ಗೊತ್ತಾಗತೈತ್ರಿ" ಎಂದ ಎರಿಸ್ವಾಮಿ. "ಕುರುಗೋಡು ಬರೀ ಕಲ್ಲು. ಸಿರುಗುಪ್ಪ ನೀರಾವರಿ ಸೀಮಿ. ಊರಾಗ ಇದ್ದಿದ್ದನ್ನ ಕೊಡತೈತಿ."

ನಾವು ನಕ್ಕೆವು. ಈಗ ಯೋಚಿಸಿದರೆ ಅವನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಗದ್ದೆಗಳ ಮೇಲಿನ ತೇವದ ಗಾಳಿ ಎಸಿಯ ತಣ್ಣನೆಯ ಕಾಯಿಲ್‌ಗೆ ತಾಗಿ ಹೆಚ್ಚು ನೀರಾಗುತ್ತದೆ. ಕುರುಗೋಡಿನ ಬೆಟ್ಟಗಳ ಒಣಗಾಳಿ ಅಷ್ಟು ನೀರು ಬಿಡುವುದಿಲ್ಲ. ಆದರೆ ಶಿವಶರಣಪ್ಪನವರು ಕೋಷ್ಟಕದಿಂದ ಬೇರೊಂದು ನಿರ್ಣಯಕ್ಕೆ ಬಂದು ಕಡತದಲ್ಲಿ ಹೀಗೆ ಬರೆದರು: ಸದರಿ ವಾಹನವು ಸಿರುಗುಪ್ಪ ಮಾರ್ಗದಲ್ಲಿ ಮಾತ್ರ ಸೋರುವುದು ದೃಢಪಟ್ಟಿರುವುದರಿಂದ ಇನ್ನು ಮುಂದೆ ಸಿರುಗುಪ್ಪಕ್ಕೆ ಕುರುಗೋಡು ಮಾರ್ಗವಾಗಿ ಹೋಗತಕ್ಕದ್ದು.

ಹೋದೆವು. ಸೆಪ್ಟೆಂಬರ್ ೬, ಗುರುವಾರ. ಮ್ಯಾಟುಗಳು ಗ್ರಂಥಾಲಯದಲ್ಲಿದ್ದುದರಿಂದ ನನ್ನ ಕಾಲಿನ ಕೆಳಗೆ ಮಸಿ ಹೀರುವ ಕಾಗದವನ್ನು ಹಾಸಲಾಗಿತ್ತು. ಕುರುಗೋಡಿನವರೆಗೆ ಕಾಗದ ಗರಿಗರಿಯಾಗಿತ್ತು. ಅಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಆದೇಶದ ಯಶಸ್ಸನ್ನು ಫೋನಿನಲ್ಲಿ ಸಾಹೇಬರಿಗೆ ತಿಳಿಸಿ, ಸಿರುಗುಪ್ಪದ ಒಳರಸ್ತೆಗೆ ಹೊರಳಿದೆವು. ಮೊದಲ ಬತ್ತದ ಗದ್ದೆ ಕಂಡ ಸ್ವಲ್ಪ ಹೊತ್ತಿಗೆ ಚೊಳಕ್.

"ಬಂತೇನ್ರಿ?" ಎಂದ ಎರಿಸ್ವಾಮಿ, ರಸ್ತೆಯಿಂದ ಕಣ್ಣು ತೆಗೆಯದೆ.

"ಬಂತು."

"ನಾ ಏನೂ ಮಾತಾಡಂಗಿಲ್ಲ ಬಿಡ್ರಿ. ಸಾಹೇಬ್ರಿಗೆ ಫೋನ್ ಮಾಡಿ ಕುರುಗೋಡನ್ನ ಇನ್ನೊಂದೀಟು ಮುಂದಕ್ಕ ಸರಸಾಕ ಹೇಳ್ರಿ."

ಸೋರುವ ವಾಹನದಲ್ಲಿ ಪಡಿಯಚ್ಚು ತರಬಾರದೆಂಬ ನಿಯಮವಿದ್ದುದರಿಂದ ಅರ್ಧ ದಾರಿಯಿಂದಲೇ ಹಿಂದಿರುಗಿದೆವು. ಹನುಮಕ್ಕನವರಿಗೆ ಫೋನ್ ಮಾಡಿ ಇನ್ನೂ ಕೆಲವು ದಿನ ಬೇಕೆಂದೆ. "ಆತ್ರೀ ಅಣ್ಣಾರ" ಎಂದರು. ಹಿನ್ನೆಲೆಯಲ್ಲಿ ಗೌಂಡಿ ಯಾರನ್ನೋ ಬೈಯುತ್ತಿದ್ದುದು ಕೇಳಿಸಿತು. ಆ ದಿನ ನಾವು ತಂದದ್ದು ಒಂದೇ ವಸ್ತು: ಕಾಲಿನ ಬಳಿ ಬಿದ್ದ ನೀರನ್ನು ಸಾಹೇಬರ ಸೂಚನೆಯಂತೆ ಬಾಟಲಿಯಲ್ಲಿ ಹಿಡಿದು, ನಮ್ಮ ಕಚೇರಿಗೆ ಬರುವ ಪ್ರತಿ ವಸ್ತುವಿನಂತೆ ಅದಕ್ಕೂ ಚೀಟಿ ಅಂಟಿಸಿದ್ದೆವು: 'ಸಿರುಗುಪ್ಪ ಮಾರ್ಗ. ಎಡಭಾಗ.' ಬಾಟಲಿ ಸಾಹೇಬರ ಮೇಜಿನ ಮೇಲೆ ನಿಂತಿತು.

ಚವತಿ ಬಂದು ಹೋಯಿತು. ಗಣೇಶನನ್ನು ಕಳಿಸಿದ ಮೇಲೆ ಒಂದು ಮಧ್ಯಾಹ್ನ ಪರಸ್ಥಳದಿಂದ ಪ್ರಾಧ್ಯಾಪಕರೊಬ್ಬರು ನಮ್ಮ ಸಂಗ್ರಹವನ್ನು ನೋಡಲು ಬಂದರು. ಬಿಸಿಲಿನಲ್ಲಿ ಕೋಟೆ ಗುಡ್ಡ ಹತ್ತಿ ಇಳಿದಿದ್ದರು. ನಾವು ಕುರ್ಚಿ ಸರಿಸುವಷ್ಟರಲ್ಲಿ ಅವರು ಬಾಟಲಿಯನ್ನೆತ್ತಿ ಅರ್ಧದಷ್ಟನ್ನು ಒಂದೇ ಗುಟುಕಿಗೆ ಇಳಿಸಿ, ಆಮೇಲೆ ಚೀಟಿಯನ್ನು ಓದಿದರು. ಶಿವಶರಣಪ್ಪನವರು ಎದ್ದು ನಿಂತಿದ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ಸಿರುಗುಪ್ಪದ ನೀರು" ಎಂದರು ಪ್ರಾಧ್ಯಾಪಕರು, ಸೌಜನ್ಯಕ್ಕೆ ಕುಂದು ಬಾರದಂತೆ, "ಸ್ವಲ್ಪ ಕಹಿ."

ಕಹಿ! ಆವಿ ತಣಿದು ಆದ ನೀರು ಸಪ್ಪೆಯಾಗಿರಬೇಕು. ಅವರನ್ನು ಕಳಿಸಿಕೊಟ್ಟ ಮೇಲೆ (ಅವರ ಆರೋಗ್ಯವನ್ನು ವಾರವಿಡೀ ಫೋನಿನಲ್ಲಿ ವಿಚಾರಿಸುತ್ತಿದ್ದೆವು; ನಮ್ಮ ಕಚೇರಿಯಷ್ಟು ಅಕ್ಕರೆಯುಳ್ಳ ಕಚೇರಿಯನ್ನು ಕಂಡಿಲ್ಲವೆಂದು ಅವರು ಇಂದಿಗೂ ಹೇಳುತ್ತಾರೆ) ಬಾಟಲಿಯ ತಳದಲ್ಲಿ ಉಳಿದಿದ್ದ ಗಸಿಯನ್ನು ಬಿಳಿ ಕಾಗದದ ಮೇಲೆ ಸುರಿದು ಭೂತಗನ್ನಡಿಯಲ್ಲಿ ನೋಡಿದೆ. ಗರಗಸದ ಹಲ್ಲಿನಂಥ ಅಂಚಿನ ಎಲೆಯ ಚೂರುಗಳು. ಬೇವು.

ಜೀಪಿನಲ್ಲಿ ಬೇವು ಇದ್ದ ಸ್ಥಳ ಒಂದೇ. ಪಡಿಯಚ್ಚಿಗೆ ಹುಳು ಹಿಡಿಯದಂತೆ ಒಣ ಬೇವಿನ ಸೊಪ್ಪನ್ನು ಇಡುವುದು ನಮ್ಮ ವೃತ್ತಿಯ ಹಳೆಯ ಪದ್ಧತಿ. ಕಚೇರಿಯ ಪ್ರತಿ ಕಪಾಟಿನಲ್ಲೂ ಅದಿದೆ. ಅದರ ಗಾಳಿಯೂ ಪಡಿಯಚ್ಚಿಗೆ ತಾಗಲಿ ಎಂದು ಶಿವಶರಣಪ್ಪನವರು ಜೀಪಿನ ಡ್ಯಾಶ್‌ಬೋರ್ಡಿನ ಕೆಳಗೆ, ಎಸಿ ಗಾಳಿಯನ್ನು ಎಳೆದುಕೊಳ್ಳುವ ಕಿಂಡಿಯ ಬಾಯಲ್ಲೇ, ಸ್ವತಃ ತಮ್ಮ ಕೈಯಿಂದ ಒಂದು ದೊಡ್ಡ ಕಟ್ಟನ್ನು ತುರುಕಿದ್ದರು. ತಿಂಗಳಿಗೊಮ್ಮೆ ಹೊಸ ಕಟ್ಟು. ಹಳೆಯದು ಪ್ರತಿ ತಿಂಗಳೂ ಅರ್ಧವಾಗಿರುತ್ತಿತ್ತು. ಆ ಇನ್ನರ್ಧ ಎಲ್ಲಿಗೆ ಹೋಗುತ್ತಿತ್ತೆಂದು ತಾರೀಖುಗಳ ಬೆನ್ನುಹತ್ತುವ ನಾವು ಯಾರೂ ಕೇಳಿರಲಿಲ್ಲ.

ಇದನ್ನು ಅವರಿಗೆ ಹೇಳುವವರಾರು?

"ನೀವ ಹೇಳ್ರಿ" ಎಂದ ಎರಿಸ್ವಾಮಿ. "ನಿಮಗ ಪಿಂಚಣಿ ಹತ್ರ ಬಂದೈತಿ. ನನಗಿನ್ನೂ ದೂರ ಐತಿ."

ಹೀಗಾಗಿ, ಎಸಿಯ ಒಳಭಾಗದಲ್ಲಿ ಸಸ್ಯಜನ್ಯ ಪದಾರ್ಥವಿರುವ ಸಂಭವವಿದೆಯೆಂದು ಸಾಹೇಬರಲ್ಲಿ ನಿವೇದಿಸಿದೆ.

"ಯಾವ ಸಸ್ಯ?"

ನಾನು ಎರಿಸ್ವಾಮಿಯ ಕಡೆ ನೋಡಿದೆ. ಎರಿಸ್ವಾಮಿ ಫ್ಯಾನಿನ ಕಡೆ ನೋಡಿದ. "ಸಸ್ಯ ಅಂದ್ರ ಗಿಡ, ಸಾಹೇಬ್ರ" ಎಂದ.

"ಗಿಡ ಅಂದ್ರ ಯಾವ ಗಿಡ?"

"ರಫೀಕ್ ಬಿಚ್ಚಿ ನೋಡ್ಲಿ ಬಿಡ್ರಿ" ಎಂದೆ. ಸತ್ಯವನ್ನು ಮೂರನೆಯವರ ಬಾಯಿಂದ ಹೊರಡಿಸುವುದೂ ಒಂದು ಸಂಶೋಧನಾ ವಿಧಾನ.

ಮೂವರೂ ಶೆಡ್ಡಿಗೆ ಹೋದೆವು. ಕೆಳಗೆ ನೀರು ಬೀಳದಿರುವುದೇ ರೋಗವಿರಬಹುದೇ ಎಂದು ಕೇಳಿದಾಗ ರಫೀಕ್ ಕೈಯಲ್ಲಿದ್ದ ಸ್ಪ್ಯಾನರನ್ನು ಹಾಗೆಯೇ ಹಿಡಿದು ಆಕಾಶವನ್ನು ನೋಡಿದ. "ಅರೇ ಅಲ್ಲಾ" ಎಂದು ಹಣೆ ಬಡಿದುಕೊಂಡ. "ಇಷ್ಟು ದಿನಾ ನಾ ಏನ್ ತೋರಸಾಕತ್ತಿದ್ದೆ ನಿಮಗ!" ಅಂಗಾತ ಮಲಗಿ ಜೀಪಿನ ಅಡಿಗೆ ಸರಿದ. ಎಸಿಯ ನೀರು ಹೊರಹೋಗುವ ಬೆರಳು ದಪ್ಪದ ರಬ್ಬರ್ ಪೈಪೊಂದು ಅಲ್ಲಿ ಇಳಿಬಿದ್ದಿತ್ತು. ಅದನ್ನು ಹಿಚುಕಿ ನೋಡಿದ, ಗಟ್ಟಿಯಾಗಿತ್ತು. ಜಗ್ಗಿ ಕಿತ್ತ. ಆಮೇಲೆ ಬಂದದ್ದನ್ನು ವರ್ಣಿಸಲು ನನ್ನ ಶಿಕ್ಷಣ ಸಾಲದು. ಹಸಿರುಗಪ್ಪು ಬಣ್ಣದ ಮುದ್ದೆಯೊಂದು ರಫೀಕನ ಗಡ್ಡದ ಮೇಲೆ ಬಿತ್ತು. ಅದರ ಹಿಂದೆಯೇ ಬಹುದಿನಗಳಿಂದ ಕೂಡಿಟ್ಟ ಕಷಾಯ ಬಾಯಿಗೆ, ಮೂಗಿಗೆ, ಕಿವಿಗೆ ಸುರಿಯಿತು.

ಹೊರಬಂದು ಥೂ ಥೂ ಎಂದು ಉಗುಳಿ, ಗಡ್ಡದಿಂದ ಒಂದು ಎಸಳನ್ನು ತೆಗೆದು ಬೆಳಕಿಗೆ ಹಿಡಿದ.

"ಬೇವು! ಏನ್ ಸಾಬ್ ಇದು? ಗಾಡಿಗೆ ಅಮ್ಮ ಆಗಿತ್ತೇನು?"

ಸಿಡುಬಿನ ಅಮ್ಮನಿಗೆ ಹಾಸಿಗೆಯ ಸುತ್ತ ಬೇವು ಕಟ್ಟುವ ರೂಢಿಯನ್ನು ಬಲ್ಲ ಶೆಡ್ಡಿನ ಗಿರಾಕಿಗಳೆಲ್ಲ ಗೊಳ್ಳೆಂದರು. ಎರಿಸ್ವಾಮಿ ಜೀಪಿನ ಮರೆಗೆ ಹೋಗಿ ಅಲ್ಲಿಯೇ ಕುಳಿತುಬಿಟ್ಟ. ನಾನು ಶಿವಶರಣಪ್ಪನವರ ಮುಖವನ್ನು ನೋಡುವ ಧೈರ್ಯವಿಲ್ಲದೆ ಮುದ್ದೆಯನ್ನು ನೋಡುತ್ತಿದ್ದೆ. ಅವರೂ ಬಗ್ಗಿ ಅದನ್ನೇ ನೋಡಿದರು. ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದರು.

"ಗಮನಿಸಿದಿರಾ?" ಎಂದರು ಕೊನೆಗೆ, ಗಂಭೀರವಾಗಿ. "ಇಷ್ಟು ದಿನದ ಒದ್ದಿಯೊಳಗ ಒಂದು ಹುಳ ಕೂಡ ಬಿದ್ದಿಲ್ಲ. ಬೇವು ತನ್ನ ಕೆಲಸ ತಾನು ಮಾಡೈತಿ."

ಕಡತದಲ್ಲಿಯೂ ಅವರು ಹಾಗೆಯೇ ಬರೆದರು. ಬಳಿಕ ರಫೀಕ್ ಡ್ಯಾಶ್‌ಬೋರ್ಡಿನ ಕೆಳಭಾಗವನ್ನು ಬಿಚ್ಚಿ, ಕಾಯಿಲ್‌ನ ಕೆಳಗಿನ ತಟ್ಟೆಯಲ್ಲಿ ಕೂತಿದ್ದ ಸೊಪ್ಪನ್ನೆಲ್ಲ ತೆಗೆದು, ಪೈಪಿನೊಳಗೆ ಗಾಳಿ ಹೊಡೆದು, ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದ. ಬೇವಿನ ಕಟ್ಟು ಬಟ್ಟೆಯ ಚೀಲದಲ್ಲಿ ಹಿಂದಿನ ಸೀಟಿಗೆ ಹೋಯಿತು. ಎಸಿ ಹಾಕಿ ನಿಂತೆವು. ಸ್ವಲ್ಪ ಹೊತ್ತಿಗೆ ಜೀಪಿನ ಅಡಿಯಲ್ಲಿ ಟಪ್ ಎಂದಿತು. ಮತ್ತೊಂದು ಟಪ್. ಆ ಸದ್ದನ್ನು ಕೇಳಿ ಮೂವರು ಸರ್ಕಾರಿ ನೌಕರರು ಪರಸ್ಪರ ಕೈ ಕುಲುಕಿದರು.

ಸೆಪ್ಟೆಂಬರ್ ೨೫ರಂದು ಶಿವಶರಣಪ್ಪನವರೂ ನಮ್ಮೊಂದಿಗೆ ಸಿರುಗುಪ್ಪಕ್ಕೆ ಬಂದರು, ನೇರ ರಸ್ತೆಯಲ್ಲಿ. ನನ್ನ ಪಾದಗಳು ಕೊನೆಯವರೆಗೂ ಒಣಗಿದ್ದವು. ಇಷ್ಟರಲ್ಲಿ ಗೌಂಡಿ ಕಲ್ಲನ್ನು ಹಾಸಿ ಸಿಮೆಂಟ್ ಬಳಿದಿರಬಹುದೆಂಬ ಭಯ ಮಾತ್ರ ದಾರಿಯುದ್ದಕ್ಕೂ ಇತ್ತು. ಅಂಗಳಕ್ಕೆ ಕಾಲಿಟ್ಟೊಡನೆ ಕಲ್ಲು ಕಂಡಿತು. ಬಿಟ್ಟ ಜಾಗದಲ್ಲೇ ಮಲಗಿತ್ತು. ಕಟ್ಟೆಯ ಮೇಲೆ ಹನುಮಕ್ಕನವರ ತುಂಬು ಬಸುರಿ ಮಗಳು ಒದ್ದೆ ಕೂದಲನ್ನು ಬಿಸಿಲಿಗೆ ಹರಡಿ ಕುಳಿತಿದ್ದಳು.

"ಚವತಿ ದಾಟಿ ಹೋತಕ್ಕ, ತಪ್ಪಾತು" ಎಂದೆ.

"ಇರ್ಲಿ ಬಿಡ್ರಿ ಅಣ್ಣಾರ. ಕಲ್ಲು ಎಲ್ಲಿಗೂ ಹೋಗಿಲ್ಲಲ್ಲ." ನಂತರ ಜೀಪಿನ ಕಡೆ ನೋಡಿ, "ಅಯ್ಯ, ನಿಮ್ಮ ಗಾಡಿ ಸೋರಾಕತ್ತೈತಿ ನೋಡ್ರಿ!" ಎಂದರು.

"ಹೌದು, ಸೋರಾಕತ್ತೈತಿ!" ಎಂದೆವು ಮೂವರೂ ಒಟ್ಟಿಗೆ, ಮತ್ತು ಜೀಪಿನ ಅಡಿಯಲ್ಲಿ ಬೆಳೆಯುತ್ತಿದ್ದ ಕೊಚ್ಚೆಯನ್ನು ಸುತ್ತುವರಿದು ನಿಂತೆವು. ಹನುಮಕ್ಕ ಮಗಳ ಮುಖ ನೋಡಿದರು. ಮಗಳು ಸೆರಗು ಬಾಯಿಗೆ ಅಡ್ಡ ಹಿಡಿದಳು.

ಪಡಿಯಚ್ಚು ತೆಗೆದು ಅಲ್ಲಿಯೇ ನೆರಳಿನಲ್ಲಿ ಹರಡಿ ಸಾಹೇಬರೂ ನಾನೂ ಓದಿದೆವು. ದೇವರ ಹೆಸರಿರಲಿಲ್ಲ; ಅರಸನ ಹೆಸರೂ ಇರಲಿಲ್ಲ. ಊರ ಕೆರೆಯ ತೂಬಿನಲ್ಲಿ ವರ್ಷವರ್ಷವೂ ಕಟ್ಟಿಕೊಳ್ಳುವ ಹೂಳನ್ನು ತೆಗೆಯುವವನಿಗೆ ಒಂದು ತುಂಡು ಗದ್ದೆ. ತೂಬಿಗೆ ಅಡ್ಡ ಹಾಕಿ ನೀರನ್ನು ತಡೆದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ. ಇಷ್ಟೇ. ಓದಿ ಮುಗಿಸಿದಾಗ ಎರಿಸ್ವಾಮಿ ನನ್ನ ಕಿವಿಯ ಹತ್ತಿರ ಬಗ್ಗಿದ.

"ಸರ, ಬೇವು ಅಡ್ಡ ಹಾಕಿ ತಡದವ್ರಿಗೂ ಅದ ಪಾಪಾನ?"

ಶಿವಶರಣಪ್ಪನವರಿಗೆ ಕೇಳಿಸಿತೆಂದು ನನ್ನ ಅನುಮಾನ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಗೊತ್ತಿದ್ದು ಮಾಡಿದವರಿಗೆ ಮಾತ್ರ" ಎಂದರು.

"ನೀರಿನ ಕಲ್ಲೇನ್ರಿ ಇದು?" ಎಂದರು ಹನುಮಕ್ಕ. "ಹಂಗಾರ ಬಚ್ಚಲಕ್ಕ ಹೇಳಿ ಮಾಡಿಸಿದಂಗೈತಿ. ದೇವರಂತೂ ಇಲ್ಲ."

ಕಷ್ಟಪಟ್ಟು ಓದಿದ್ದೇ ಕಲ್ಲಿಗೆ ಕೇಡಾಯಿತಲ್ಲ! ಶಾಪವಿದೆ ಅಕ್ಕಾ, ಎಂದೆ. "ನಮ್ಮ ಮೋರಿ ನಾ ಕಟ್ಟಗೊಡಂಗಿಲ್ಲ, ಶಾಪ ಯಾಕ ತಟ್ಟತೈತಿ?" ಎಂದರು. ಇದು ಈ ಸೀಮೆಯಲ್ಲಿಯೇ ಅಪರೂಪದ್ದು ಎಂದೆ. "ನಮ್ಮ ಬಚ್ಚಲಾನೂ ಅಪರೂಪದ್ದ ಆಗ್ಲಿ" ಎಂದರು. ಕೆಸರು ತೆಗೆದು ಬದುಕಿದ ಒಬ್ಬ ಬಡವನ ಕೆಲಸವನ್ನು ಊರು ಕಲ್ಲಿನ ಮೇಲೆ ಬರೆಸಿ ನೆನೆದಿದೆ, ಅಂಥದ್ದು ಬಹಳ ಸಿಗುವುದಿಲ್ಲ ಎಂದು ನಾನು ಅಂಗಳದಲ್ಲಿ ನಿಂತು ಮಾಡಿದ ಭಾಷಣವನ್ನು ಯಾವ ವಿಚಾರ ಸಂಕಿರಣದಲ್ಲೂ ಮಾಡಿಲ್ಲ. ಹನುಮಕ್ಕ ಗಲ್ಲಕ್ಕೆ ಕೈಹಚ್ಚಿ ಕೊನೆಯವರೆಗೂ ಕೇಳಿದರು.

"ಹೋಗ್ಲಿ ಬಿಡ್ರಿ. ನೀವು ಇಷ್ಟು ಹೇಳಾಕತ್ತೀರಿ. ಬಚ್ಚಲಕ್ಕ ಹಾಕಂಗಿಲ್ಲ, ಅಂಗಳದಾಗ ಇರ್ಲಿ. ಮಜ್ಜಿಗಿ ಕುಡಿರ್ರಿ."

ಆ ದಿನದ ದಿನಚರಿಯಲ್ಲಿ 'ಕಲ್ಲು ಉಳಿಯಿತು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಕಚೇರಿಯ ವಾರ್ಷಿಕ ವರದಿಯಲ್ಲಿ, ಸಕಾಲಿಕ ವಾಚನದ ಫಲವಾಗಿ ಶಾಸನ ಸಂರಕ್ಷಿತವಾಯಿತು ಎಂಬ ವಾಕ್ಯ ನನ್ನದೇ. ಮರುವರ್ಷ ನಿವೃತ್ತನಾಗಿ ಬಳ್ಳಾರಿಯ ಪಾರ್ವತಿನಗರದ ಮನೆ ಸೇರಿದ ಮೇಲೂ, ನಿನ್ನ ಓದಿನಿಂದ ಯಾರಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ಈ ಕಲ್ಲನ್ನು ಹೇಳುತ್ತಿದ್ದೆ.

ಈ ಬರಹದ ತಾರೀಖುಗಳನ್ನು ತಾಳೆ ನೋಡಲೆಂದು ಈ ವರ್ಷ ಮತ್ತೆ ಸಿರುಗುಪ್ಪಕ್ಕೆ ಹೋಗಿದ್ದೆ, ಬಸ್ಸಿನಲ್ಲಿ. ಕಲ್ಲು ಅಂಗಳದ ಮೂಲೆಯಲ್ಲಿ ನೆಟ್ಟಗೆ ನಿಂತಿದೆ. ಹನುಮಕ್ಕ ಕಾಲು ತೊಳೆದುಕೊಳ್ಳಲು ಹಿತ್ತಲ ಬಚ್ಚಲನ್ನು ತೋರಿಸಿದರು. ವಿಶಾಲವಾದ ಬಚ್ಚಲು, ಕಡಪಾ ಕಲ್ಲಿನ ಹಾಸು, ಮೋರಿ ಚೊಕ್ಕಟ. ಬಾಗಿಲ ಪಕ್ಕದ ಗಿಲಾವಿನ ಮೇಲೆ ಒಂದು ಬರಹವಿತ್ತು. ಅಭ್ಯಾಸಬಲದಿಂದ ಓದಿದೆ. ಮಾಧ್ಯಮ: ಸಿಮೆಂಟ್, ಹಸಿಯಿದ್ದಾಗ ಮೊಳೆಯಿಂದ ಗೀಚಿದ್ದು. ಲಿಪಿ: ಇಂಗ್ಲಿಷ್ ಅಂಕಿಗಳು. ಸ್ಥಿತಿ: ಒಂದು ಅಂಕಿಯೂ ಸವೆದಿಲ್ಲ. ಪಾಠ: 10-9-2018.

ಚವತಿಗೆ ಮೊದಲು. ನನ್ನ ಭಾಷಣಕ್ಕೂ ಮೊದಲು. ಕಟ್ಟೆಯ ಮೇಲೆ ಕೂದಲು ಒಣಗಿಸುತ್ತಿದ್ದ ಮಗಳು ಆಗ ನೆನಪಾದಳು.

ಹೊರಬಂದು ಕೇಳಿದೆ. ಹನುಮಕ್ಕ ನಕ್ಕರು. "ಕಲ್ಲು ಉದ್ದ ಆತ್ರಿ ಅಣ್ಣಾರ. ಗೌಂಡಿ ನೀವು ಓದೂತನಕ ನಿಲ್ಲಲಿಲ್ಲ, ಆ ಕಡಿ ಈ ಕಡಿ ಹೊಳ್ಳಿಸಿ ನೋಡಿದ, ಬಚ್ಚಲ ಬಾಗಿಲದಾಗ ಹಿಡೀಲಿಲ್ಲ. ತಂದು ಇದ್ದಲ್ಲೇ ಒಗದ್ವಿ."

"ಮತ್ತ ಆ ದಿನ ಯಾಕ ಹೇಳ್ಲಿಲ್ಲಕ್ಕ?"

"ಬಚ್ಚಲಕ್ಕ ಹಾಕ್ತೀನಿ ಅಂದದ್ದು ಬರೀ ಚ್ಯಾಷ್ಟಿಗೆ. ಮೂರು ಮಂದಿ ಅಷ್ಟು ದೂರದಿಂದ ಬಂದಿದ್ರಿ. ಗಾಡಿ ಸೋರತೈತಿ ಅಂದ್ರ ಖುಷಿಪಟ್ಟು ಕುಣೀತಿದ್ರಿ. ಅಂಥವ್ರಿಗೆ ಬಚ್ಚಲ ಆಗೈತಿ ಅಂತ ಹೆಂಗ ಹೇಳ್ಲಿ?"

ನೆನಪಿಗೂ ಬರಹಕ್ಕೂ ವಿರೋಧ ಬಂದಾಗ ಬರಹವನ್ನೇ ನಂಬಬೇಕೆಂದು ಸೇವೆಯುದ್ದಕ್ಕೂ ಹೇಳಿಕೊಂಡು ಬಂದವನು ನಾನು. ಆದ್ದರಿಂದ ಈ ಲೇಖನದ ಮೊದಲ ಪರಿಚ್ಛೇದದಲ್ಲಿ, ಆ ಓದಿನಿಂದಾಗಿ ಕಲ್ಲು ಉಳಿಯಿತೆಂದು ಬರೆದಿರುವುದನ್ನು ಓದುಗರು ಲೇಖಕನ ದಿನಚರಿಯ ಪಾಠವೆಂದು ಮಾತ್ರ ಗ್ರಹಿಸಬೇಕು. ಸಿಮೆಂಟಿನ ಪಾಠ ಬೇರೆ ಇದೆ.